ಗಣಕಯಂತ್ರ ಕೆಟ್ಟಾಗ ಹೊಸ ಖಾತೆಯ ಪರೀಕ್ಷೆ



ಕಳೆದ ಮಳೆಗಾಲದ ಒಂದು ಟೆಂಡರ್ ದಿನ. ನಮ್ಮ ಗುಮಾಸ್ತರು ಪಟ್ಟಿ ಮಾಡಲು ಕುಳಿತರೆ ಲೆಕ್ಕದ ತಂತ್ರಾಂಶ ತೆರೆದ ಕೂಡಲೇ ತಾನಾಗಿ ಮುಚ್ಚಿಹೋಗತೊಡಗಿತು. ಚಾಲಿ ಕೊಟ್ಟ ಸದಸ್ಯರು ಹಣಕ್ಕಾಗಿ ಹೊರಗೆ ಬೆಂಚಿನ ಮೇಲೆ ಕಾದಿದ್ದರು. ರಿಪೇರಿಯವರು ಬಂದು ನೋಡಿ, "ಫಾರ್ಮ್ಯಾಟ್ ಹೊಡೆಯಬೇಕು" ಅಂದರು. ಅಂದರೆ ಯಂತ್ರದಲ್ಲಿದ್ದುದನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ತುಂಬುವುದು. ನಾವು ಬೇರೆಡೆ ತೆಗೆದಿಟ್ಟ ಪ್ರತಿಯಾದರೋ ಎರಡು ತಿಂಗಳ ಹಿಂದಿನದು, ತಪ್ಪು ನಮ್ಮದೇ. ಒಪ್ಪಿಗೆ ಕೊಡಲಿಲ್ಲ. ಸಂಜೆ ಅದೇ ಯಂತ್ರದಲ್ಲಿ ಹೊಸ ಬಳಕೆದಾರರ ಖಾತೆಯೊಂದನ್ನು ತೆರೆದು ನೋಡಿದೆವು. ಅದೇ ತಂತ್ರಾಂಶ ಅಲ್ಲಿ ಸುಸೂತ್ರವಾಗಿ ನಡೆಯಿತು.

ಇದು ಪವಾಡವಲ್ಲ. ಇಲ್ಲಿ ಖಾತೆಯೆಂದರೆ ಉಳಿತಾಯ ಖಾತೆಯೂ ಅಲ್ಲ. ಒಂದೇ ಯಂತ್ರವನ್ನು ಹಲವರು ಬಳಸುವಲ್ಲಿ ವಿಂಡೋಸ್ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಪಾಟು ಕೊಟ್ಟಿರುತ್ತದೆ. ಅದರಲ್ಲಿ ಅವರ ಕಡತಗಳಷ್ಟೇ ಅಲ್ಲದೆ, ತಂತ್ರಾಂಶಗಳು ಅವರಿಗಾಗಿ ಬರೆದಿಟ್ಟುಕೊಂಡ ಏರ್ಪಾಡುಗಳೂ ಇರುತ್ತವೆ. ಇವುಗಳ ಪೈಕಿ ಮುಖ್ಯವಾದುದು 'ಎನ್‌ಟಿಯೂಸರ್ ಡಾಟ್ ಡ್ಯಾಟ್' ಎಂಬ ಕಡತ. ತಂತ್ರಾಂಶ ಮಾತ್ರ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ ಜಾಗದಲ್ಲಿರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವುದು ಹೊಸತಲ್ಲವಷ್ಟೆ. ಬರೆಯುತ್ತಿರುವಾಗಲೇ ಯಂತ್ರ ಆರಿದರೆ ಈ ಕಡತಗಳು ಕೆಡಬಹುದು. ತೋಟದಲ್ಲಿ ಒಂದೇ ಮರ ಬಾಡಿ ಸುತ್ತಲಿನವು ಹಸಿರಾಗಿದ್ದರೆ ಇಡೀ ತೋಟದ ಮಣ್ಣನ್ನು ಯಾರೂ ದೂರುವುದಿಲ್ಲ.

ಆದುದರಿಂದ ಹೊಸ ಖಾತೆ ಮೊದಲಿಗೆ ಒಂದು ಪರೀಕ್ಷೆ. ಅಲ್ಲಿ ತೊಂದರೆ ಕಾಣದಿದ್ದರೆ ದೋಷ ಹಳೆಯ ಕಪಾಟಿನದು. ಅಲ್ಲಿಯೂ ಕಂಡರೆ ತಂತ್ರಾಂಶದ್ದೋ, ವಿಂಡೋಸಿನದ್ದೋ, ಡಿಸ್ಕಿನದ್ದೋ ಇರಬೇಕು. ಆಗ ಎಷ್ಟು ಖಾತೆ ತೆರೆದರೂ ಪ್ರಯೋಜನವಿಲ್ಲ.

ವಿಂಡೋಸ್ 10 ಮತ್ತು 11ರಲ್ಲಿ 'ಸೆಟ್ಟಿಂಗ್ಸ್'ನೊಳಗೆ 'ಅಕೌಂಟ್ಸ್', ಅದರೊಳಗೆ ಇತರ ಬಳಕೆದಾರರ ವಿಭಾಗಕ್ಕೆ ಹೋಗಿ ಖಾತೆ ಸೇರಿಸತಕ್ಕದ್ದು. ಇದಕ್ಕೆ ಆಡಳಿತಗಾರನ ಅಧಿಕಾರವುಳ್ಳ ಖಾತೆ ಬೇಕು. ಪರೀಕ್ಷೆ ಫಲಿಸಿದ ಮೇಲೆ ಪತ್ರಗಳು, ಚಿತ್ರಗಳು, ಡೆಸ್ಕ್‌ಟಾಪಿನ ಕಡತಗಳು ಇವಿಷ್ಟನ್ನೇ ಹೊಸದಕ್ಕೆ ನಕಲು ಮಾಡಿಕೊಳ್ಳಿ. ಹಳೆಯ ಕಪಾಟನ್ನು ಇಡಿಯಾಗಿ ಎತ್ತಿ ಸುರಿದರೆ ರೋಗವೂ ಜೊತೆಗೇ ಬರುತ್ತದೆ. 'ಎನ್‌ಟಿಯೂಸರ್' ಎಂದು ಆರಂಭವಾಗುವ ಕಡತಗಳನ್ನಂತೂ ಮುಟ್ಟಲೇಬಾರದು. ನುಡಿಯಲ್ಲಿ ಬರೆದ ಹಳೆಯ ಠರಾವುಗಳು ಹೊಸ ಖಾತೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೆ ಗಾಬರಿಯಾಗಬೇಡಿ. ಅಕ್ಷರಶೈಲಿಯನ್ನು ಹಿಂದೆ ಒಬ್ಬರ ಖಾತೆಗೆ ಮಾತ್ರ ಹಾಕಿದ್ದಿರಬಹುದು. ಎಲ್ಲ ಬಳಕೆದಾರರಿಗೂ ಎಂದು ಪುನಃ ಹಾಕಿದರೆ ಸರಿಹೋಗುತ್ತದೆ.

ಒಂದು ಎಚ್ಚರಿಕೆ. ಒಮ್ಮೊಮ್ಮೆ ಕಪಾಟು ತೆರೆಯಲಾಗದೆ ವಿಂಡೋಸ್ 'ತಾತ್ಕಾಲಿಕ ಪ್ರೊಫೈಲ್' ಕೊಟ್ಟು, ಹಾಗೆಂದು ಸೂಚನೆಯನ್ನೂ ತೋರಿಸುತ್ತದೆ. ಅದನ್ನು ಓದದೆ ದಿನವಿಡೀ ಡೆಸ್ಕ್‌ಟಾಪಿನಲ್ಲಿ ಉಳಿಸಿದ ಕೆಲಸ ಸೈನ್ ಔಟ್ ಮಾಡಿದೊಡನೆ ಮಾಯವಾಗುತ್ತದೆ.

2022ರಲ್ಲಿ ಕೇಂದ್ರ ಸರಕಾರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಲೆಕ್ಕ ಬರೆಯುವ ಕೆಲಸ ಯಂತ್ರಕ್ಕೆ ಹೋಗುತ್ತಿರುವಾಗ ಇನ್ನೊಂದು ಗೊಂದಲವನ್ನೂ ಹೇಳಬೇಕು. ವಿಂಡೋಸಿನ ಬಳಕೆದಾರ ಬೇರೆ, ಲೆಕ್ಕದ ತಂತ್ರಾಂಶದೊಳಗಿನ ಬಳಕೆದಾರ ಬೇರೆ. ನಾವು ಹೊಸದು ಮಾಡಿದ್ದು ಮೊದಲನೆಯದನ್ನು ಮಾತ್ರ. ಎರಡನೆಯದನ್ನು ವರ್ಷದ ನಡುವೆ ಮನಬಂದಂತೆ ಬದಲಿಸಿದರೆ ಯಾವ ನಮೂದು ಯಾರದೆಂದು ಲೆಕ್ಕಪರಿಶೋಧಕರಿಗೆ ಉತ್ತರ ಕೊಡಲು ಕಾರ್ಯದರ್ಶಿಗಳು ಪರದಾಡಬೇಕಾದೀತು.

ನಮ್ಮಲ್ಲಿ ಮರುದಿನ ಬೆಳಿಗ್ಗೆ ಮೊದಲು ಲೆಕ್ಕದ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದು, ಆಮೇಲೆ ಪಟ್ಟಿ ಮುದ್ರಿಸಿದೆವು. ಹಳೆಯ ಖಾತೆಯನ್ನು ಒಂದು ತಿಂಗಳು ಅಳಿಸದೆ ಹಾಗೆಯೇ ಬಿಟ್ಟೆವು. ಮೂರನೆಯ ವಾರದಲ್ಲಿ ಗೊಬ್ಬರದ ಬೇಡಿಕೆಯ ಯಾದಿ ಎಲ್ಲಿ ಹೋಯಿತೆಂದು ಹುಡುಕಿದಾಗ ಅದು ಸಿಕ್ಕಿದ್ದು ಅಲ್ಲಿಯೇ.