ನೆದರ್ಲೆಂಡ್ಸ್‌ನಲ್ಲಿ ಸ್ವಂತ ಮನೆ: ಗೆಲ್ಲುವವರ 12 ಸೂತ್ರಗಳು

ಐಂಡ್‌ಹೋವನ್, ಆಮ್‌ಸ್ಟೆಲ್‌ವೇನ್, ಉಟ್ರೆಕ್ಟ್ ಸುತ್ತಮುತ್ತ ಕೆಲಸದಲ್ಲಿದ್ದೀರಿ. ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದೀರಿ. ಮಕ್ಕಳು ಸೈಕಲ್ ತುಳಿಯುವಂಥ ಶಾಂತವಾದ ಬೀದಿಯಲ್ಲಿ, ಹಿಂದೆ ಪುಟ್ಟ ತೋಟವಿರುವ ಒಂದು ಸ್ವಂತ ಮನೆ ಬೇಕು ಅನ್ನಿಸಿದೆ. ಆಸೆ ಸರಿಯಾಗಿಯೇ ಇದೆ. ಈಗ ಬೇಕಿರುವುದು ತಯಾರಿ.

ಇಲ್ಲಿ ಒಳ್ಳೆಯ ಮನೆ ಫುಂಡಾ ವೆಬ್‌ಸೈಟಿನಲ್ಲಿ ಕಾಣಿಸಿಕೊಂಡ ಕೆಲವೇ ವಾರಗಳಲ್ಲಿ ಮಾರಾಟವಾಗಿಬಿಡುತ್ತದೆ. ಒಳಗೆ ಹೋಗಿ ನೋಡಲು ಸಿಗುವುದು ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಯೋಚಿಸೋಣ ಅನ್ನುವವರಿಗೆ ಈ ಮಾರುಕಟ್ಟೆ ಕಾಯುವುದಿಲ್ಲ. ಯೋಚನೆಯನ್ನೆಲ್ಲ ಮನೆ ನೋಡುವ ಮೊದಲೇ ಮುಗಿಸಿಟ್ಟವರೇ ಇಲ್ಲಿ ಗೆಲ್ಲುತ್ತಾರೆ. ಅದಕ್ಕೆ ಈ 12 ಸೂತ್ರಗಳು.

1. "ಇರ್ತೀವಾ, ವಾಪಸ್ ಹೋಗ್ತೀವಾ?" ಚರ್ಚೆಯನ್ನು ಮುಗಿಸಿ

ಒಂದು ಸಂಜೆ ಮನೆಯವರೆಲ್ಲ ಕೂತು ತೀರ್ಮಾನ ಮಾಡಿ. ಜೀವನಪೂರ್ತಿಯ ಪ್ಲಾನ್ ಬೇಡ, ಮುಂದಿನ ಐದು ವರ್ಷದ್ದು ಸಾಕು. ಕೊಳ್ಳುವಾಗ ಆಗುವ ತೆರಿಗೆ, ನೋಟರಿ, ಸಲಹೆಗಾರರ ಖರ್ಚು ವಾಪಸ್ ಬರುವುದಿಲ್ಲ. ಒಂದೆರಡು ವರ್ಷಕ್ಕೇ ಹೊರಡುವವರಿಗೆ ಅದು ಭಾರ, ನೆಲೆ ನಿಲ್ಲುವವರಿಗೆ ಹಗುರ. ಐದು ವರ್ಷ ಇರುತ್ತೇವೆ ಎಂದಾದರೆ ಈ ಪ್ರಶ್ನೆಯನ್ನು ಮತ್ತೆ ಎತ್ತಬೇಡಿ. ಪ್ರತಿ ವಾರ ಹೊಸದಾಗಿ ಅನುಮಾನಿಸುವುದು ಒಂದು ಅಭ್ಯಾಸ ಅಷ್ಟೇ. ಅಭ್ಯಾಸವನ್ನು ಬದಲಿಸಬಹುದು.

2. ಮೊದಲು ಸಾಲದ ಮಿತಿ, ಆಮೇಲೆ ಮನೆ

ಮನೆಸಾಲದ ಸಲಹೆಗಾರರನ್ನು ಭೇಟಿಯಾಗಿ. ಸಂಬಳದ ಚೀಟಿ, ಕಂಪನಿ ಕೊಡುವ ಉದ್ಯೋಗ ಪತ್ರ, ವೀಸಾ ದಾಖಲೆ ಜೊತೆಗಿರಲಿ. ಗುತ್ತಿಗೆ ಇನ್ನೂ ತಾತ್ಕಾಲಿಕವಾಗಿದ್ದರೆ, ಮುಂದೆ ಕಾಯಂ ಮಾಡುವ ಉದ್ದೇಶವಿದೆ ಎಂಬ ಪತ್ರವನ್ನು ಎಚ್‌ಆರ್‌ನಿಂದ ಕೇಳಿ ತೆಗೆದುಕೊಳ್ಳಿ. ಆ ಒಂದು ಹಾಳೆ ಎಷ್ಟೋ ಬ್ಯಾಂಕುಗಳ ಬಾಗಿಲು ತೆರೆಸುತ್ತದೆ. ಸಾಲದ ಮಿತಿ ನಿಂತಿರುವುದು ಆದಾಯ, ಬಡ್ಡಿದರ ಮತ್ತು ಈಗಿರುವ ಸಾಲಗಳ ಮೇಲೆ. ಕಾರಿನ ಪ್ರೈವೇಟ್ ಲೀಸ್ ಕೂಡ ಸಾಲದ ಲೆಕ್ಕಕ್ಕೇ ಬರುತ್ತದೆ. ಊರಲ್ಲಿ ನಡೆಯುತ್ತಿರುವ ಇಎಂಐ ಇದ್ದರೆ ಮುಚ್ಚಿಡಬೇಡಿ. ಮನೆಯ ಎನರ್ಜಿ ಲೇಬಲ್ ಚೆನ್ನಾಗಿದ್ದರೆ ಸ್ವಲ್ಪ ಹೆಚ್ಚು ಸಾಲ ಸಿಗುತ್ತದೆ, ಅದನ್ನೂ ಕೇಳಿ ತಿಳಿದುಕೊಳ್ಳಿ.

3. ಕೈಯಿಂದ ಹಾಕುವ ಹಣವನ್ನು ಬೇರೆ ಎತ್ತಿಡಿ

ಬ್ಯಾಂಕು ಸಾಮಾನ್ಯವಾಗಿ ಮನೆಯ ಮೌಲ್ಯಮಾಪನದ 100% ವರೆಗೆ ಸಾಲ ಕೊಡುತ್ತದೆ. ಕೇಳಲು ಖುಷಿ, ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ನೀವು 5,00,000 ಯೂರೋಗೆ ಮನೆ ಹಿಡಿದಿರಿ, ಮೌಲ್ಯಮಾಪಕರು 4,80,000 ಎಂದು ಬರೆದರು ಅಂದುಕೊಳ್ಳಿ. ನಡುವಿನ 20,000 ನಿಮ್ಮ ಜೇಬಿನದು. ಅದರ ಮೇಲೆ ಸ್ವತ್ತು ವರ್ಗಾವಣೆ ತೆರಿಗೆ, ನೋಟರಿ ಶುಲ್ಕ, ಮೌಲ್ಯಮಾಪನ, ಸಲಹೆಗಾರರ ಫೀಸು. ಜಾಹೀರಾತಿನ ಬೆಲೆಯ ಪಕ್ಕ "ಕೆ.ಕೆ." ಎಂದಿದ್ದರೆ ವರ್ಗಾವಣೆಯ ಖರ್ಚು ಕೊಳ್ಳುವವರ ಪಾಲಿಗೆ, "ವಿ.ಒ.ಎನ್." ಎಂದಿದ್ದರೆ ಬೆಲೆಯಲ್ಲೇ ಸೇರಿದೆ. ಹೊಸದಾಗಿ ಕಟ್ಟಿದ ಮನೆಗಳು ಹೆಚ್ಚಾಗಿ ಎರಡನೆಯ ಬಗೆಯವು. ಜೇಬಿನಿಂದ ಎಷ್ಟು ಹಾಕಬಲ್ಲಿರಿ ಎಂದು ಈಗಲೇ ಬರೆದಿಡಿ. ನಿಮ್ಮ ಬಿಡ್‌ನ ಗರಿಷ್ಠ ಮಿತಿಯನ್ನು ತೀರ್ಮಾನಿಸುವುದು ಅದೇ ಅಂಕಿ.

4. ವಯಸ್ಸು ನಿಮ್ಮ ಪರವಾಗಿದ್ದರೆ ಬಳಸಿಕೊಳ್ಳಿ

ಸ್ವಂತ ವಾಸಕ್ಕೆ ಕೊಳ್ಳುವ ಮನೆಗೆ ವರ್ಗಾವಣೆ ತೆರಿಗೆ 2%. ಆದರೆ 18 ತುಂಬಿ 35 ತುಂಬದವರಿಗೆ ಜೀವನದಲ್ಲಿ ಒಂದು ಬಾರಿ ಪೂರ್ತಿ ವಿನಾಯಿತಿ ಇದೆ. 2025ರಲ್ಲಿ ಇದಕ್ಕಿದ್ದ ಮಿತಿ 5,25,000 ಯೂರೋ. ಮೌಲ್ಯ ಈ ಗೆರೆ ದಾಟಿದರೆ ವಿನಾಯಿತಿ ಅರ್ಧವಾಗುವುದಿಲ್ಲ, ಇಡೀ ಮೊತ್ತಕ್ಕೆ ತೆರಿಗೆ ಬೀಳುತ್ತದೆ. ಅಂದರೆ ಗೆರೆಯ ಹತ್ತಿರ ನಿಂತು ಒಂದು ಸಾವಿರ ಹೆಚ್ಚಿಗೆ ಬಿಡ್ ಮಾಡಿದರೂ ಹತ್ತು ಸಾವಿರಕ್ಕೂ ಮೀರಿ ತೆರಿಗೆ ಕಟ್ಟಬೇಕಾದೀತು. ದಂಪತಿಯಲ್ಲಿ ಒಬ್ಬರಿಗೆ 33, ಇನ್ನೊಬ್ಬರಿಗೆ 37 ಆಗಿದ್ದರೆ ಚಿಕ್ಕವರ ಪಾಲಿಗೆ ಮಾತ್ರ ವಿನಾಯಿತಿ. ಈ ಮಿತಿ ಆಗಾಗ ಬದಲಾಗುತ್ತದೆ, ಆ ವರ್ಷದ್ದನ್ನು ನೋಡಿಯೇ ಲೆಕ್ಕ ಹಾಕಿ. ಎನ್‌ಎಚ್‌ಜಿ ಎಂಬ ರಾಷ್ಟ್ರೀಯ ಸಾಲ ಖಾತರಿಗೂ ಹೀಗೇ ಮಿತಿಯಿದೆ, 2025ರಲ್ಲಿ ಅದು 4,50,000 ಯೂರೋ. ಆ ಮಿತಿಯೊಳಗಿದ್ದರೆ ಸಾಮಾನ್ಯವಾಗಿ ಬಡ್ಡಿ ಕಡಿಮೆ. ಕೆಲಸ ಹೋಗಿ, ಮನೆಯನ್ನು ನಷ್ಟಕ್ಕೆ ಮಾರಬೇಕಾಗಿ ಬಂದರೂ ಷರತ್ತುಗಳಿಗೆ ಒಳಪಟ್ಟು ಉಳಿದ ಸಾಲಕ್ಕೆ ರಕ್ಷಣೆ ಸಿಗುತ್ತದೆ.

5. ಊರಿನ ಹಣ ತರುವುದಿದ್ದರೆ ಇವತ್ತೇ ಶುರು ಮಾಡಿ

ಬೆಂಗಳೂರಿನ ಸೈಟು ಮಾರಿದ ದುಡ್ಡು, ಅಪ್ಪ ಕೊಡುವ ಸಹಾಯ: ಯಾವುದೂ ಒಂದು ವಾರದಲ್ಲಿ ಡಚ್ ಖಾತೆಗೆ ಬಂದು ಕೂರುವುದಿಲ್ಲ. ಎನ್‌ಆರ್‌ಒ ಖಾತೆಯಿಂದ ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್ ವರೆಗೆ ಕಳಿಸಬಹುದು, ಆದರೆ ತೆರಿಗೆಯ ಪತ್ರಗಳನ್ನು ಸಿ.ಎ. ಹತ್ತಿರ ಮಾಡಿಸಬೇಕು. ಭಾರತದಲ್ಲಿರುವ ತಂದೆ ತಾಯಿ ತಲಾ ವರ್ಷಕ್ಕೆ 2.5 ಲಕ್ಷ ಡಾಲರ್ ವರೆಗೆ ಹೊರಗೆ ಕಳಿಸಬಹುದು. ಇಲ್ಲಿಯ ನೋಟರಿ ಮತ್ತು ಬ್ಯಾಂಕು ಹಣದ ಮೂಲ ಕೇಳಿಯೇ ಕೇಳುತ್ತಾರೆ, ಅದು ಅವರ ಕಾನೂನುಬದ್ಧ ಕರ್ತವ್ಯ. ಕ್ರಯಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಅಪ್ಪನ ಪತ್ರ ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಂದೇ ಫೋಲ್ಡರಿನಲ್ಲಿಡಿ. ದಾಖಲೆ ಕೈಯಲ್ಲಿದ್ದರೆ ಪ್ರಶ್ನೆಗೆ ಹೆದರುವ ಕಾರಣವೇ ಇಲ್ಲ.

6. ಮನೆ ಆರಿಸುವ ಮೊದಲು ಬಡಾವಣೆ ಆರಿಸಿ

ಅಡುಗೆಮನೆ ಬದಲಿಸಬಹುದು, ಬೀದಿ ಬದಲಿಸಲಾಗದು. ಮಕ್ಕಳಿರುವ ಕುಟುಂಬಗಳಿಗೆ ಒಂದು ಒಳ್ಳೆಯ ಆರಂಭ 1990ರ ದಶಕದ ಸರ್ಕಾರಿ ಯೋಜನೆಯಿಂದ ಬೆಳೆದ ‘ವಿನೆಕ್ಸ್’ ಬಡಾವಣೆಗಳು: ಉಟ್ರೆಕ್ಟ್‌ನ ಲೈಡ್ಸೆ ರೈನ್, ಹೇಗ್‌ನ ಐಪನ್‌ಬುರ್ಗ್, ಆಮರ್ಸ್‌ಫೋರ್ಟ್‌ನ ವಾಟ್‌ಹಾರ್ಸ್ಟ್, ಐಂಡ್‌ಹೋವನ್‌ನ ಮೇರ್‌ಹೋವನ್. ಸಾಲುಮನೆ, ಹಿಂದೆ ತೋಟ, ತೋಟದ ತುದಿಯಲ್ಲಿ ಸೈಕಲ್ಲಿಗೊಂದು ಶೆಡ್ಡು, ಹತ್ತಿರದಲ್ಲೇ ಆಟದ ಬಯಲು, ನಡೆದು ಹೋಗುವ ದೂರದಲ್ಲಿ ಶಾಲೆ. 1970–80ರ ದಶಕದ ಹಳೆಯ ಬಡಾವಣೆಗಳನ್ನೂ ಬಿಡಬೇಡಿ. ಅಲ್ಲಿಯ ಅನೇಕ ಬೀದಿಗಳು ‘ವೋನ್‌ಎರ್ಫ್’ ಮಾದರಿಯವು: ವಾಹನಕ್ಕೆ ಗಂಟೆಗೆ 15 ಕಿ.ಮೀ. ಮಿತಿ, ಬೀದಿಯಲ್ಲಿ ಆಡುವ ಹಕ್ಕು ಮಕ್ಕಳಿಗೆ. ಮೂರು ಬಡಾವಣೆ ಆರಿಸಿ, ಅಲ್ಲೇ ಹುಡುಕಿ. ಹುಡುಕಾಟ ಕಿರಿದಾದಷ್ಟೂ ಬೆಲೆಯ ಅಂದಾಜು ಚುರುಕಾಗುತ್ತದೆ.

7. ಬುಧವಾರ ಮಧ್ಯಾಹ್ನ ಹೋಗಿ ನೋಡಿ

ಇಲ್ಲಿಯ ಬಹಳಷ್ಟು ಪ್ರಾಥಮಿಕ ಶಾಲೆಗಳು ಬುಧವಾರ ಮಧ್ಯಾಹ್ನದ ಹೊತ್ತಿಗೇ ಬಿಡುತ್ತವೆ. ಬಡಾವಣೆಯ ನಿಜವಾದ ಮುಖ ಕಾಣುವುದು ಆಗ. ಬೀದಿಯಲ್ಲಿ ಸೀಮೆಸುಣ್ಣದ ಚಿತ್ರಗಳಿವೆಯೇ? ಆಟದ ಬಯಲಿನಲ್ಲಿ ನಿಮ್ಮ ಮಗುವಿನ ವಯಸ್ಸಿನವರು ಇದ್ದಾರೆಯೇ? ಎಂಟು ವರ್ಷದ ಮಕ್ಕಳು ದೊಡ್ಡವರಿಲ್ಲದೆ ಸೈಕಲ್ ಓಡಿಸುತ್ತಿದ್ದಾರೆಯೇ? ಹೌದಾದರೆ ಆ ಬೀದಿಯನ್ನು ಅಲ್ಲಿಯ ತಾಯಂದಿರು ನಂಬಿದ್ದಾರೆ ಎಂದರ್ಥ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ. ಶಾಲೆಗೆ ನಾಲ್ಕನೇ ಹುಟ್ಟುಹಬ್ಬದಿಂದ ಸೇರಿಸಬಹುದು, ಐದಕ್ಕೆ ಕಡ್ಡಾಯ. ಹಾಗಾಗಿ ಹತ್ತಿರದ ಶಾಲೆಗಳಲ್ಲಿ ಸೀಟು ಇದೆಯೇ ಎಂದು ಅದೇ ದಿನ ವಿಚಾರಿಸಿ. ಶನಿವಾರ ರಾತ್ರಿ ಇನ್ನೊಮ್ಮೆ ಬನ್ನಿ. ಎದುರು ಸಿಕ್ಕ ಪಕ್ಕದ ಮನೆಯವರಿಗೆ ಹಲೋ ಹೇಳಿ ಮಾತಾಡಿಸಿ. ಸಂಕೋಚ ಬೇಡ. ಡಚ್ಚರು ನೇರ ಪ್ರಶ್ನೆಗೆ ನೇರ ಉತ್ತರ ಕೊಡುವವರು.

8. ಶಾಂತಿಯನ್ನು ದಾಖಲೆಯಲ್ಲೂ ಪರೀಕ್ಷಿಸಿ

ಒಂದು ಭೇಟಿಯಲ್ಲಿ ಕಿವಿಗೆ ಬಿದ್ದ ಮೌನವನ್ನೇ ನಂಬಬೇಡಿ. ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಗಾಳಿಯ ದಿಕ್ಕಿಗೆ ತಕ್ಕಂತೆ ರನ್‌ವೇ ಬದಲಾಗುತ್ತದೆ. ಆಮ್‌ಸ್ಟೆಲ್‌ವೇನ್, ಆಲ್ಸ್‌ಮೇರ್ ಕಡೆ ಇವತ್ತು ಶಾಂತವಾಗಿರುವ ಆಕಾಶ ನಾಳೆ ಗದ್ದಲವಾಗಿರಬಹುದು. ಮೇರ್‌ಹೋವನ್ನಿನ ಪಕ್ಕದಲ್ಲೇ ಐಂಡ್‌ಹೋವನ್ ವಿಮಾನ ನಿಲ್ದಾಣವಿದೆ. ‘ಅಟ್ಲಾಸ್ ಲೇಫ್‌ಓಮ್‌ಖೇವಿಂಗ್’ ಎಂಬ ಸಾರ್ವಜನಿಕ ನಕ್ಷೆ ತೆರೆದು ವಿಳಾಸ ಹಾಕಿ, ವಿಮಾನ, ರಸ್ತೆ, ರೈಲಿನ ಶಬ್ದದ ಮಟ್ಟ ನೋಡಿ. ಮನೆ ಎದುರಿನ ಖಾಲಿ ಜಾಗಕ್ಕೆ ನಗರಸಭೆ ಏನು ಯೋಜಿಸಿದೆ ಎಂದು ಕೇಳಿ. ಇವತ್ತಿನ ಹಸಿರು ಬಯಲು ನಾಳಿನ ಕಟ್ಟಡದ ಕೆಲಸವಾಗಬಾರದು.

9. ಅರ್ಧ ಗಂಟೆಯಲ್ಲಿ ಸೋಫಾ ನೋಡಬೇಡಿ, ಕಟ್ಟಡ ನೋಡಿ

ಬಣ್ಣ, ಪರದೆ, ದೀಪ ಯಾವುದೂ ಮುಖ್ಯವಲ್ಲ. ಕಿಟಕಿಯ ಗಾಜು, ಬಾಯ್ಲರಿನ ವಯಸ್ಸು, ಬಚ್ಚಲಿನ ತೇವ, ಛಾವಣಿ, ನೆಲದಡಿಯ ಜಾಗದ ಒದ್ದೆ, ಇವುಗಳಿಗೆ ಸಮಯ ಕೊಡಿ. ಎನರ್ಜಿ ಲೇಬಲ್ ಕೇಳಿ, ಚಳಿಗಾಲದ ಬಿಲ್ಲು ಅದರ ಮೇಲೆಯೇ ನಿಂತಿದೆ. ಕಲ್ನಾರಿನ ಬಳಕೆಗೆ ಇಲ್ಲಿ 1993ರಲ್ಲಿ ನಿಷೇಧ ಬಂತು. ಅದಕ್ಕೂ ಹಿಂದಿನ ಮನೆಯಾದರೆ ಶೆಡ್ಡಿನ ಛಾವಣಿ ಯಾವುದರದು ಎಂದು ಕೇಳಿ. ಪಶ್ಚಿಮದ ಮೆತ್ತನೆಯ ನೆಲದಲ್ಲಿ 1970ಕ್ಕಿಂತ ಹಿಂದೆ ಕಟ್ಟಿದ ಅನೇಕ ಮನೆಗಳು ಮರದ ಕಂಬಗಳ ಮೇಲೆ ನಿಂತಿವೆ. ಅಂತರ್ಜಲ ಇಳಿದು ಕಂಬಕ್ಕೆ ಗಾಳಿ ತಾಗಿದರೆ ಮರ ಕೊಳೆಯುತ್ತದೆ, ರಿಪೇರಿ ಬಹಳ ದುಬಾರಿ. ಆಮೇಲೆ ಬಂದ ಬಡಾವಣೆಗಳಲ್ಲಿ ಹೆಚ್ಚಾಗಿ ಕಾಂಕ್ರೀಟ್ ಕಂಬಗಳಿರುವುದರಿಂದ ಈ ಚಿಂತೆ ಕಡಿಮೆ. 2018ರ ಜುಲೈನಿಂದ ಹೊಸ ಮನೆಗಳಿಗೆ ಗ್ಯಾಸ್ ಸಂಪರ್ಕವನ್ನೇ ನಿಲ್ಲಿಸಲಾಗಿದೆ. ಹೊಸ ಮನೆ ಕೊಳ್ಳುವುದಾದರೆ ದೋಸೆ ಹಂಚಿನಿಂದ ಕುಕ್ಕರ್ ತನಕ ಎಲ್ಲವೂ ಇಂಡಕ್ಷನ್ನಿಗೆ ಒಗ್ಗಬೇಕು. ಎಷ್ಟೇ ಚೆನ್ನಾಗಿ ಕಂಡರೂ ಕಟ್ಟಡ ತಪಾಸಣೆ ಮಾಡಿಸಿ. ಅದಕ್ಕೆ ಹಾಕುವ ದುಡ್ಡು ದಂಡವಲ್ಲ, ವಿಮೆ.

10. ದಿಕ್ಕಿನ ವಿಷಯ ಮೊದಲೇ ತೀರ್ಮಾನಿಸಿ

ವಾಸ್ತು ಬೇಕೇ ಬೇಡವೇ ಎಂಬ ಮಾತು ಬಿಡ್ ಹಾಕುವ ರಾತ್ರಿ, ಊರಿಂದ ಅಮ್ಮನ ಫೋನ್ ಬಂದಾಗ ಶುರುವಾಗಬಾರದು. ಡಚ್ ಖರೀದಿದಾರರು ದಕ್ಷಿಣಕ್ಕೆ ತೆರೆದ ತೋಟಕ್ಕೆ ಮುಗಿಬೀಳುತ್ತಾರೆ, ಏಕೆಂದರೆ ಬಿಸಿಲು ಇಲ್ಲಿ ಅಪರೂಪದ ಸಂಪತ್ತು. ಸಾಲುಮನೆಯಲ್ಲಿ ತೋಟ ದಕ್ಷಿಣಕ್ಕಿದ್ದರೆ ಬಾಗಿಲು ಉತ್ತರಕ್ಕೆ. ಪೂರ್ವದ ಬಾಗಿಲೇ ಬೇಕೆಂದರೆ ತೋಟ ಪಶ್ಚಿಮಕ್ಕೆ ಬೀಳುತ್ತದೆ, ಬೇಸಿಗೆಯಲ್ಲಿ ಆಫೀಸಿನಿಂದ ಬಂದ ಮೇಲೂ ಬಿಸಿಲಿರುತ್ತದೆ. ಎರಡೂ ಒಳ್ಳೆಯ ಆಯ್ಕೆಗಳೇ. ಒಂದನ್ನು ಆರಿಸಿ, ಮನೆಯವರಿಗೆ ಹೇಳಿ, ಮುಂದೆ ನಡೆಯಿರಿ.

11. ನಿಮ್ಮ ಪರ ಒಬ್ಬ ಮಾಕೆಲಾರ್ ಇಟ್ಟುಕೊಳ್ಳಿ, ಲೆಕ್ಕ ಹಾಕಿ ಬಿಡ್ ಮಾಡಿ

ಮನೆ ತೋರಿಸುವ ಮಾಕೆಲಾರ್, ಅಂದರೆ ಮನೆ ಏಜೆಂಟ್, ಎಷ್ಟು ಸ್ನೇಹದಿಂದ ಮಾತಾಡಿದರೂ ಆತ ಕೆಲಸ ಮಾಡುವುದು ಮಾರುವವರಿಗೆ. ಆ ಬಡಾವಣೆಯ ಬೆಲೆ ಬಲ್ಲ ಏಜೆಂಟರನ್ನು ನಿಮಗಾಗಿಯೇ ಗೊತ್ತು ಮಾಡಿ. ನೀವೂ ಮನೆಪಾಠ ಮಾಡಿ: ಯಾವುದೇ ಮನೆಗೆ ನಗರಸಭೆ ಕಟ್ಟಿದ ವಾರ್ಷಿಕ ಮೌಲ್ಯವನ್ನು ಆನ್‌ಲೈನಿನಲ್ಲಿ ಉಚಿತವಾಗಿ ನೋಡಬಹುದು. ಅಕ್ಕಪಕ್ಕದ ಮನೆಗಳು ಎಷ್ಟಕ್ಕೆ ಹೋದವು ಎಂಬುದು ಭೂದಾಖಲೆ ಇಲಾಖೆಯಾದ ಕಾಡಾಸ್ಟರ್‌ನಲ್ಲಿ ಸಣ್ಣ ಶುಲ್ಕಕ್ಕೆ ಸಿಗುತ್ತದೆ. ಜಾಹೀರಾತಿನ ಬೆಲೆ ಬರೀ ಆರಂಭ, ಬಹಳ ಕಡೆ ಅದಕ್ಕಿಂತ ಮೇಲೆಯೇ ಮಾರಾಟ ಮುಗಿಯುತ್ತದೆ. ಮುಚ್ಚಿದ ಬಿಡ್‌ನಲ್ಲಿ ಎರಡನೇ ಅವಕಾಶ ಇಲ್ಲದಿರಬಹುದು. ಮೊದಲ ಬಾರಿಗೇ ನಿಮ್ಮ ನಿಜವಾದ ಅಂಕಿ ಬರೆಯಿರಿ. ಹಣದ ಜೊತೆಗೆ ಷರತ್ತೂ ಗೆಲ್ಲಿಸುತ್ತದೆ. ಮಾರುವವರಿಗೆ ಬೇಕಾದ ಹಸ್ತಾಂತರದ ದಿನಕ್ಕೆ ಒಪ್ಪಿದರೆ ನಿಮ್ಮ ಬಿಡ್‌ಗೆ ತೂಕ ಬರುತ್ತದೆ. ಸಾಲ ಸಿಗದಿದ್ದರೆ ಹಿಂದೆ ಸರಿಯುವ ಷರತ್ತನ್ನು ಮಾತ್ರ ಆವೇಶದಲ್ಲಿ ಕೈಬಿಡಬೇಡಿ.

ಬಿಡ್ ಸೋತರೆ ಕುಗ್ಗಬೇಡಿ. ಮನೆ ಎಷ್ಟಕ್ಕೆ ಹೋಯಿತು, ನಿಮ್ಮದು ಎಲ್ಲಿ ನಿಂತಿತು ಎಂದು ಕೇಳಿ, ಬರೆದಿಟ್ಟು ಮುಂದಿನ ಬಿಡ್ ತಿದ್ದಿ. "ನಮ್ಮಂಥವರಿಗೆ ಸಿಗಲ್ಲ" ಎಂದು ಕೈಚೆಲ್ಲುವವರಿಗೆ ಮನೆ ಸಿಗುವುದಿಲ್ಲ. ಲೆಕ್ಕ ತಿದ್ದಿಕೊಂಡು ಮತ್ತೆ ಹಾಕುವವರಿಗೆ ಸಿಗುತ್ತದೆ.

12. ಸಹಿ ಆದ ಮೇಲೂ ಕ್ಯಾಲೆಂಡರ್ ಮೇಲೆ ಕಣ್ಣಿಡಿ

ಬಾಯಿಮಾತಿನ ಒಪ್ಪಿಗೆಗೆ ಹಿಗ್ಗಬೇಡಿ, ಕಾಗದದ ಮೇಲೆ ಇಬ್ಬರ ಸಹಿ ಬಿದ್ದಾಗಲೇ ಅದು ಗಟ್ಟಿ. ಸಹಿ ಆದ ಕರಾರಿನ ಪ್ರತಿ ಕೈಸೇರಿದ ಮೇಲೆ ಕೊಳ್ಳುವವರಿಗೆ ಕನಿಷ್ಠ ಮೂರು ದಿನದ ಮರುಯೋಚನೆಯ ಹಕ್ಕಿದೆ. ಆ ಅವಧಿಯಲ್ಲಿ ಕಾರಣ ಕೊಡದೆ ಹಿಂದೆ ಸರಿಯಬಹುದು. ಅದಾದ ಮೇಲೆ ಸಾಲದ ಷರತ್ತಿನ ಕೊನೆಯ ದಿನಾಂಕ. ಅದೂ ದಾಟಿ ಕೈಕೊಟ್ಟರೆ ಸಾಮಾನ್ಯವಾಗಿ ಬೆಲೆಯ 10% ದಂಡ. ಎರಡೂ ದಿನಾಂಕವನ್ನು ಫೋನಿನಲ್ಲಿ ಅಲಾರಂ ಇಟ್ಟು ಕಾಯಿರಿ. ಮನೆಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಬೇಕಿದ್ದರೆ 30 ವರ್ಷದೊಳಗೆ ಅಸಲು ಪೂರ್ತಿ ತೀರುವ ಕಂತಿನ ಸಾಲವನ್ನೇ ಆರಿಸಿ. ನೋಟರಿಯನ್ನು ಸಾಮಾನ್ಯವಾಗಿ ಆರಿಸುವುದು ಕೊಳ್ಳುವವರೇ, ಎರಡು ಮೂರು ಕಡೆ ದರ ಕೇಳಿ. ಡಚ್ ಸರಿಯಾಗಿ ಬಾರದಿದ್ದರೆ ದುಭಾಷಿಯನ್ನು ಮುಂಚೆಯೇ ಗೊತ್ತು ಮಾಡಿ, ಅರ್ಥವಾಗದ ಪತ್ರಕ್ಕೆ ನೋಟರಿ ಸಹಿ ಹಾಕಿಸುವುದಿಲ್ಲ. ನೋಟರಿ ಕಚೇರಿಗೆ ಹೋಗುವ ಮುನ್ನ ಮನೆಯನ್ನು ಕೊನೆಯ ಬಾರಿ ನೋಡಿ, ಮೀಟರ್ ಬರೆದುಕೊಳ್ಳಿ, ಬಿಟ್ಟುಹೋಗುತ್ತೇವೆಂದ ವಸ್ತುಗಳು ಪಟ್ಟಿಯಂತೆ ಇವೆಯೇ ಎಂದು ಹೊಂದಿಸಿ.

ಈಗ ಕೆಲಸ ಶುರು ಮಾಡಿ. ಸೋಮವಾರ ಮನೆಸಾಲದ ಸಲಹೆಗಾರರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಮಂಗಳವಾರ ಎಚ್‌ಆರ್‌ಗೆ ಪತ್ರ ಕೇಳಿ ಮೇಲ್ ಕಳಿಸಿ. ಬುಧವಾರ ಅರ್ಧ ದಿನ ರಜೆ ಹಾಕಿ ಮೊದಲ ಬಡಾವಣೆಯಲ್ಲಿ ಓಡಾಡಿ ಬನ್ನಿ. ಮುಂದಿನ ಬಾರಿ ಫುಂಡಾದಲ್ಲಿ ಒಳ್ಳೆಯ ಮನೆ ಬಂದಾಗ ನಿಮ್ಮ ಮಿತಿ, ನಿಮ್ಮ ಬೀದಿ, ನಿಮ್ಮ ದಾಖಲೆ ಮೂರೂ ಸಿದ್ಧವಿರುತ್ತವೆ. ಆ ಬಿಡ್ ಧೈರ್ಯವಾಗಿ ಹಾಕಿ.