ಮುತ್ತಿನ ಬಂದರು

ಪೆಸಿಫಿಕ್ ಮಹಾಸಾಗರದ ನಟ್ಟನಡುವೆ ಹವಾಯಿ ಎಂಬ ದ್ವೀಪಸಮೂಹವಿದೆ. ಅದರ ದ್ವೀಪಗಳಲ್ಲೊಂದಾದ ಓಆಹುವಿನ ದಕ್ಷಿಣ ತೀರದಲ್ಲಿ ಕಡಲು ಒಳನಾಡಿಗೆ ಚಾಚಿಕೊಂಡು, ಕೈಬೆರಳುಗಳಂತೆ ಕವಲೊಡೆದು, ಅಲೆಗಳ ಅಬ್ಬರವಿಲ್ಲದ ವಿಶಾಲವಾದ ಬಂದರೊಂದನ್ನು ನಿರ್ಮಿಸಿದೆ. ಒಂದು ಕಾಲದಲ್ಲಿ ಅಲ್ಲಿ ಮುತ್ತಿನ ಚಿಪ್ಪುಗಳು ಹೇರಳವಾಗಿದ್ದುದರಿಂದ ಅಲ್ಲಿಯ ಮೂಲನಿವಾಸಿಗಳು ಅದನ್ನು ತಮ್ಮ ಭಾಷೆಯಲ್ಲಿ ‘ಮುತ್ತಿನ ನೀರು’ ಎಂದು ಕರೆದರು. ಇಂಗ್ಲಿಷಿನಲ್ಲಿ ಅದು ಪರ್ಲ್ ಹಾರ್ಬರ್ ಆಯಿತು. ಇಷ್ಟು ಸೊಗಸಾದ ಹೆಸರುಳ್ಳ ಆ ಬಂದರು ಇಂದು ಲೋಕಕ್ಕೆ ಪರಿಚಿತವಾಗಿರುವುದು ಮುತ್ತುಗಳಿಂದಲ್ಲ; 1941ನೆಯ ಇಸವಿ ಡಿಸೆಂಬರ್ 7ನೆಯ ಭಾನುವಾರ ಬೆಳಗ್ಗೆ ಎರಡು ಗಂಟೆಗಳ ಅವಧಿಯೊಳಗೆ ಅಲ್ಲಿ ನಡೆದುಹೋದ ಸಂಹಾರದಿಂದ.

ಯೂರೋಪಿನಲ್ಲಿ ಎರಡನೆಯ ಮಹಾಯುದ್ಧ ಪ್ರಾರಂಭವಾಗಿ ಆಗಲೇ ಎರಡು ವರ್ಷಗಳು ಸಂದಿದ್ದವು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಇತ್ತ ಏಷ್ಯದಲ್ಲಿ ಜಪಾನು 1937ರಿಂದಲೂ ಚೀನಾದೊಡನೆ ಕಾದಾಡುತ್ತಿತ್ತು. ಆದರೆ ಯುದ್ಧಕ್ಕೆ ಬೇಕಾದ ಎಣ್ಣೆ ಜಪಾನಿನ ನೆಲದಲ್ಲಿ ಸಾಕಷ್ಟು ಇರಲಿಲ್ಲ. ಅದರ ಬಹುಪಾಲನ್ನು ಅದು ಅಮೆರಿಕದಿಂದಲೇ ಕೊಳ್ಳುತ್ತಿತ್ತು. 1941ರ ಜುಲೈ ತಿಂಗಳಲ್ಲಿ ಜಪಾನಿನ ಸೈನ್ಯ ಇಂಡೋಚೀನದ ದಕ್ಷಿಣ ಭಾಗವನ್ನು ಹೊಕ್ಕಾಗ ಅಮೆರಿಕ ಎಣ್ಣೆಯ ಪೂರೈಕೆಯನ್ನು ನಿಲ್ಲಿಸಿಬಿಟ್ಟಿತು. ಜಪಾನಿನ ಮುಂದೆ ಎರಡೇ ದಾರಿಗಳು ಉಳಿದವು: ಆಕ್ರಮಣವನ್ನು ಕೈಬಿಡುವುದು, ಇಲ್ಲವೆ ಡಚ್ಚರ ವಶದಲ್ಲಿದ್ದ ಈಸ್ಟ್ ಇಂಡೀಸ್ ದ್ವೀಪಗಳ ಎಣ್ಣೆಬಾವಿಗಳನ್ನು ಕಸಿದುಕೊಳ್ಳುವುದು. ಅದು ಎರಡನೆಯದನ್ನು ಆರಿಸಿಕೊಂಡಿತು. ಆ ದಾರಿಗೆ ಅಡ್ಡವಾಗಿದ್ದುದು ಪರ್ಲ್ ಹಾರ್ಬರಿನಲ್ಲಿ ಲಂಗರು ಹಾಕಿದ್ದ ಅಮೆರಿಕದ ಪೆಸಿಫಿಕ್ ನೌಕಾಪಡೆ.

ಈ ನೌಕಾಪಡೆಯನ್ನು ಒಂದೇ ಏಟಿಗೆ ಮುರಿಯುವ ಯೋಜನೆಯನ್ನು ರೂಪಿಸಿದವನು ಅಡ್ಮಿರಲ್ ಯಮಮೊಟೊ ಇಸೊರೊಕು. ಈತ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದ್ದವನು. ವಾಷಿಂಗ್ಟನ್ನಿನ ಜಪಾನ್ ರಾಯಭಾರ ಕಚೇರಿಯಲ್ಲಿ ಅಧಿಕಾರಿಯಾಗಿದ್ದವನು. ಆ ದೇಶದ ಕಾರ್ಖಾನೆಗಳ ಬಲವನ್ನು ಕಣ್ಣಾರೆ ಕಂಡಿದ್ದ ಆತ ಅಮೆರಿಕದೊಡನೆ ಯುದ್ಧ ಕೂಡದೆಂದೇ ವಾದಿಸಿದ್ದನು. ಯುದ್ಧ ತಪ್ಪದೆಂದಾದಾಗ ಅವನೇ ಅದರ ಮೊದಲ ಹೊಡೆತದ ಶಿಲ್ಪಿಯಾದುದು ಇತಿಹಾಸದ ವೈಚಿತ್ರ್ಯಗಳಲ್ಲೊಂದು.

ನವೆಂಬರ್ 26ರಂದು ಆರು ವಿಮಾನವಾಹಕ ನೌಕೆಗಳು ಬೆಂಗಾವಲಿನೊಡನೆ ಕುರಿಲ್ ದ್ವೀಪಗಳಿಂದ ಹೊರಟವು. ವರ್ತಕರ ಹಡಗುಗಳು ಹೆಚ್ಚಾಗಿ ಸುಳಿಯದ ಉತ್ತರದ ಜಲಮಾರ್ಗವನ್ನು ಅವು ಹಿಡಿದವು. ದಾರಿಯುದ್ದಕ್ಕೂ ರೇಡಿಯೊ ಮೌನವನ್ನು ಪಾಲಿಸಿದವು. ವಾಷಿಂಗ್ಟನ್ನಿನಲ್ಲಾದರೋ ಎರಡು ಸರಕಾರಗಳ ಪ್ರತಿನಿಧಿಗಳು ಸಂಧಾನದ ಮಾತುಗಳನ್ನು ಆಡುತ್ತಲೇ ಇದ್ದರು. ಪರ್ಲ್ ಹಾರ್ಬರಿನ ನೀರಿನ ಆಳ ಸುಮಾರು ನಲವತ್ತು ಅಡಿ ಮಾತ್ರ. ವಿಮಾನದಿಂದ ಬಿಟ್ಟ ಟಾರ್ಪಿಡೊ ಮೊದಲು ಅದಕ್ಕಿಂತ ಆಳಕ್ಕೆ ಮುಳುಗಿ ಅನಂತರ ಮೇಲೆದ್ದು ಸಾಗುವುದರಿಂದ, ಇಲ್ಲಿ ಅದು ಕೆಸರಿನಲ್ಲಿ ಹೂತುಹೋಗುವುದೆಂದು ಅಮೆರಿಕನ್ನರು ನಂಬಿದ್ದರು. ಜಪಾನೀಯರು ಟಾರ್ಪಿಡೊಗಳಿಗೆ ಮರದ ರೆಕ್ಕೆಗಳನ್ನು ಜೋಡಿಸಿ ಆ ತೊಡಕನ್ನು ನಿವಾರಿಸಿಕೊಂಡರು. ಆಳವಿಲ್ಲದ ಬಂದರಿನಲ್ಲಿಯೂ ಇಂಥ ದಾಳಿ ಸಾಧ್ಯವೆಂಬುದನ್ನು ಒಂದು ವರ್ಷದ ಹಿಂದೆಯಷ್ಟೇ ಬ್ರಿಟಿಷರು ಇಟಲಿಯ ಟರಾಂಟೊ ಬಂದರಿನಲ್ಲಿ ತೋರಿಸಿಕೊಟ್ಟಿದ್ದರು.

ಅನಿರೀಕ್ಷಿತ ದಾಳಿ ಎಂದೊಡನೆ ಯಾವ ಮುನ್ಸೂಚನೆಯೂ ಇರಲಿಲ್ಲವೆಂದು ನಾವು ಭಾವಿಸುತ್ತೇವೆ. ವಸ್ತುಸ್ಥಿತಿ ಹಾಗಿರಲಿಲ್ಲ. ಆ ದಿನ ಬೆಳಗ್ಗೆ ಏಳು ಗಂಟೆಗೆ ಮುಂಚೆಯೇ ‘ವಾರ್ಡ್’ ಎಂಬ ವಿಧ್ವಂಸಕ ನೌಕೆ ಬಂದರಿನ ಬಾಗಿಲಲ್ಲಿ ಪರಕೀಯ ಜಲಾಂತರ್ಗಾಮಿಯೊಂದನ್ನು ಕಂಡು, ಗುಂಡು ಹಾರಿಸಿ ಮುಳುಗಿಸಿತು. ಕೂಡಲೇ ವರದಿಯನ್ನೂ ಕಳುಹಿಸಿತು. ಮೇಲಧಿಕಾರಿಗಳು ಅದು ನಿಜವೇ ಎಂದು ವಿಚಾರಿಸುವುದರಲ್ಲಿ ಹೊತ್ತು ಕಳೆದರು. ‘ವಾರ್ಡ್’ ನೌಕೆಯ ಮಾತು ಸತ್ಯವೆಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ದೊರೆತದ್ದು 2002ರಲ್ಲಿ, ಆ ಜಲಾಂತರ್ಗಾಮಿಯ ಅವಶೇಷ ಸಮುದ್ರತಳದಲ್ಲಿ ಪತ್ತೆಯಾದಾಗ! ದ್ವೀಪದ ಉತ್ತರ ಭಾಗದ ಓಪನಾ ಎಂಬಲ್ಲಿ ಇಬ್ಬರು ಸಾಮಾನ್ಯ ಸೈನಿಕರು ರಾಡಾರ್ ಯಂತ್ರವನ್ನು ಕಾಯುತ್ತಿದ್ದರು. ಏಳು ಗಂಟೆಗೆ ಅದನ್ನು ನಿಲ್ಲಿಸಬೇಕಾಗಿತ್ತು. ಅವರನ್ನು ಉಪಾಹಾರಕ್ಕೆ ಕರೆದೊಯ್ಯುವ ಲಾರಿ ತಡವಾದುದರಿಂದ ಅಭ್ಯಾಸಕ್ಕೆಂದು ಯಂತ್ರವನ್ನು ನಡೆಸುತ್ತಲೇ ಇದ್ದರು. ಏಳು ಗಂಟೆ ಎರಡು ನಿಮಿಷಕ್ಕೆ ನೂರಮೂವತ್ತು ಮೈಲಿಗಳಾಚೆ ವಿಮಾನಗಳ ದೊಡ್ಡ ಗುಂಪೊಂದು ಗೋಚರಿಸಿತು. ದೂರವಾಣಿಯಲ್ಲಿ ಸುದ್ದಿ ತಿಳಿಸಿದರು. ಕೆಲಸಕ್ಕೆ ಇನ್ನೂ ಹೊಸಬನಾಗಿದ್ದ ಅಧಿಕಾರಿ, ಅವು ಕ್ಯಾಲಿಫೋರ್ನಿಯದಿಂದ ಬರಲಿದ್ದ ತಮ್ಮವೇ ವಿಮಾನಗಳೆಂದು ಬಗೆದು, ಚಿಂತೆ ಬೇಡವೆಂದನು. ಆತನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ. ಯುದ್ಧ ಬಂದರೆ ಬೇರೆಲ್ಲಿಯೋ ಬರುವುದು, ಇಲ್ಲಿಗಲ್ಲ ಎಂಬ ಭಾವನೆ ಹಿರಿಯ ಸೇನಾಧಿಪತಿಗಳಿಂದ ಹಿಡಿದು ಎಲ್ಲರಲ್ಲಿಯೂ ಬೇರೂರಿತ್ತು. ಕೊರತೆಯಿದ್ದುದು ಸುದ್ದಿಗಲ್ಲ, ಸುದ್ದಿಯನ್ನು ನಂಬುವ ಮನಸ್ಸಿಗೆ.

ಎಂಟು ಗಂಟೆಗೆ ಐದು ನಿಮಿಷವಿರುವಾಗ ಬಂದರಿನ ಮೇಲೆ ಮೊದಲ ಬಾಂಬುಗಳು ಬಿದ್ದವು. ಎರಡು ಅಲೆಗಳಲ್ಲಿ ಬಂದ ವಿಮಾನಗಳ ಸಂಖ್ಯೆ ಸುಮಾರು 350. ವಿಮಾನನಿಲ್ದಾಣಗಳಲ್ಲಿ ವಿಮಾನಗಳನ್ನು ಕಾವಲಿಗೆ ಅನುಕೂಲವಾಗಲೆಂದು ಒತ್ತೊತ್ತಾಗಿ ಸಾಲುಗಟ್ಟಿ ನಿಲ್ಲಿಸಿದ್ದರು. ಅವು ನಿಂತಲ್ಲಿಯೇ ಬೂದಿಯಾದವು. ಎಂಟು ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ‘ಅರಿಜೋನ’ ಎಂಬ ಯುದ್ಧನೌಕೆಯ ಮುಂಭಾಗವನ್ನು ಸೀಳಿಕೊಂಡು ಹೋದ ಬಾಂಬು ಮದ್ದಿನ ಕೋಠಿಯನ್ನು ಸ್ಫೋಟಿಸಿತು. 1,177 ಮಂದಿ ಆ ಒಂದೇ ಹಡಗಿನಲ್ಲಿ ಮಡಿದರು. ಅವರಲ್ಲಿ ಒಡಹುಟ್ಟಿದ ಅಣ್ಣತಮ್ಮಂದಿರು ಹಲವರು. ಮದ್ದುಗುಂಡುಗಳನ್ನು ಮೇಲಕ್ಕೆ ಸಾಗಿಸುವ ಹೊಣೆ ಹೊತ್ತಿದ್ದ ಹಡಗಿನ ವಾದ್ಯಗಾರರ ತಂಡದಲ್ಲಿ ಒಬ್ಬನೂ ಉಳಿಯಲಿಲ್ಲ. ಎರಡು ದಿನಗಳಿಗೂ ಹೆಚ್ಚು ಕಾಲ ಹಡಗು ಉರಿಯುತ್ತಲೇ ಇತ್ತು.

ಪಕ್ಕದಲ್ಲಿದ್ದ ‘ವೆಸ್ಟ್ ವರ್ಜಿನಿಯ’ ನೌಕೆಯಲ್ಲಿ ಡೋರಿಸ್ ಮಿಲ್ಲರ್ ಎಂಬ ಇಪ್ಪತ್ತೆರಡು ವರ್ಷದ ತರುಣನಿದ್ದನು. ಟೆಕ್ಸಸ್ ಪ್ರಾಂತದ ಬಡ ರೈತ ಕುಟುಂಬದ ನೀಗ್ರೊ ಹುಡುಗ. ಅಂದಿನ ಅಮೆರಿಕದ ನೌಕಾಪಡೆಯಲ್ಲಿ ಕರಿಯರಿಗೆ ದೊರೆಯುತ್ತಿದ್ದುದು ಅಡುಗೆಮನೆಯ ಚಾಕರಿಯೇ: ಅಧಿಕಾರಿಗಳಿಗೆ ಊಟ ಬಡಿಸುವುದು, ಬಟ್ಟೆಬರೆ ನೋಡಿಕೊಳ್ಳುವುದು. ಬಂದೂಕಿನ ಶಿಕ್ಷಣ ಅವರಿಗಿರಲಿಲ್ಲ. ದಾಳಿ ಆರಂಭವಾದಾಗ ಮಿಲ್ಲರ್ ಒಗೆಯುವ ಬಟ್ಟೆಗಳನ್ನು ಒಟ್ಟುಗೂಡಿಸುತ್ತಿದ್ದನು. ಗಾಯಗೊಂಡವರನ್ನು ಅವನು ಹೊತ್ತು ಸಾಗಿಸಿದನು. ಮಾರಕ ಗಾಯದಿಂದ ಕುಸಿದಿದ್ದ ಹಡಗಿನ ಕ್ಯಾಪ್ಟನ್ನನನ್ನು ಮರೆಗೆ ಸರಿಸಲು ನೆರವಾದನು. ಅನಂತರ ತಾನೆಂದೂ ಮುಟ್ಟಿರದ ವಿಮಾನನಾಶಕ ಬಂದೂಕಿನ ಹಿಂದೆ ನಿಂತು ಗುಂಡು ಮುಗಿಯುವವರೆಗೂ ಹಾರಿಸಿದನು. ನೌಕಾಪಡೆ ಆತನ ಹೆಸರನ್ನು ಹೊರಗೆಡಹಲಿಲ್ಲ. ಪತ್ರಿಕೆಗಳಲ್ಲಿ ‘ಅನಾಮಧೇಯ ನೀಗ್ರೊ ಪರಿಚಾರಕ’ನೆಂಬ ಉಲ್ಲೇಖವಷ್ಟೇ ಬಂದಿತು. ಕರಿಯರ ಪತ್ರಿಕೆಗಳು ಬಿಡದೆ ವಿಚಾರಿಸಿದ ಮೇಲೆ, 1942ರ ಮಾರ್ಚಿಯಲ್ಲಿ ಹೆಸರು ಬೆಳಕಿಗೆ ಬಂದಿತು. ಮೇ ತಿಂಗಳಲ್ಲಿ ಅಡ್ಮಿರಲ್ ನಿಮಿಟ್ಜ್ ಆತನ ಎದೆಗೆ ‘ನೇವಿ ಕ್ರಾಸ್’ ಪದಕವನ್ನು ಸಿಕ್ಕಿಸಿದನು. ಆ ಪದಕವನ್ನು ಪಡೆದ ಮೊದಲ ಕರಿಯನು ಆತ. ಮರುವರ್ಷ ನವೆಂಬರಿನಲ್ಲಿ ಆತನಿದ್ದ ಹಡಗು ಶತ್ರುವಿನ ಟಾರ್ಪಿಡೊಗೆ ಸಿಕ್ಕಿ ಮುಳುಗಿ, ಮಿಲ್ಲರ್ ಸಾವನ್ನಪ್ಪಿದನು. 2020ರಲ್ಲಿ ಅಮೆರಿಕದ ನೌಕಾಪಡೆ, ಮುಂದೆ ಕಟ್ಟಲಿರುವ ದೊಡ್ಡ ವಿಮಾನವಾಹಕ ನೌಕೆಯೊಂದಕ್ಕೆ ಆ ಅಡುಗೆಮನೆಯ ಆಳಿನ ಹೆಸರನ್ನಿಡುವುದಾಗಿ ಪ್ರಕಟಿಸಿತು.

‘ಓಕ್ಲಹೋಮ’ ನೌಕೆ ಹಲವು ಟಾರ್ಪಿಡೊಗಳ ಹೊಡೆತಕ್ಕೆ ಕೆಲವೇ ನಿಮಿಷಗಳಲ್ಲಿ ತಲೆಕೆಳಗಾಗಿ ಮಗುಚಿತು. ಮೇಲೆ ಉಳಿದಿದ್ದ ಉಕ್ಕಿನ ತಳದ ಒಳಗಿನಿಂದ ಯಾರೋ ಕುಟ್ಟುತ್ತಿರುವ ಸದ್ದು ಕೇಳಿಸತೊಡಗಿತು. ಹಡಗುಕಟ್ಟೆಯ ಕೆಲಸಗಾರರು ಸದ್ದು ಬಂದ ದಿಕ್ಕನ್ನು ಅರಸಿ, ರಾತ್ರಿಯೆಲ್ಲ ಉಕ್ಕನ್ನು ಕೊರೆದರು. ಇವರು ಸೈನಿಕರಲ್ಲ, ದಿನಗೂಲಿಯ ಕಮ್ಮಾರರು, ಯಂತ್ರಗಾರರು. ಮೂವತ್ತೆರಡು ಮಂದಿಯನ್ನು ಜೀವಸಹಿತ ಹೊರತೆಗೆದರು. ವಿಮಾನನಿಲ್ದಾಣದ ಬೆಂಕಿಯನ್ನು ಆರಿಸಲು ಧಾವಿಸಿದ ಹೊನೊಲುಲು ನಗರದ ಅಗ್ನಿಶಾಮಕ ದಳದವರಲ್ಲಿ ಮೂವರು ಪ್ರಾಣ ತೆತ್ತರು. ಆಸ್ಪತ್ರೆಗಳ ಮುಂದೆ ರಕ್ತದಾನಕ್ಕೆ ಜನ ಸಾಲುಗಟ್ಟಿದರು. ‘ವೆಸ್ಟ್ ವರ್ಜಿನಿಯ’ದ ಒಳಗೂ ಸದ್ದು ಕೇಳಿಸುತ್ತಿತ್ತು. ಆದರೆ ನೀರಿನೊಳಗಿದ್ದ ಆ ಹಡಗನ್ನು ಕೊರೆದರೆ ನೀರು ನುಗ್ಗುವ ಭಯ. ಯಾರೂ ಏನೂ ಮಾಡಲಾಗಲಿಲ್ಲ. ಮರುವರ್ಷ ಹಡಗನ್ನು ಮೇಲೆತ್ತಿದಾಗ ಒಂದು ಕೋಣೆಯಲ್ಲಿ ಮೂವರು ನಾವಿಕರ ದೇಹಗಳು ದೊರೆತವು. ಪಕ್ಕದಲ್ಲಿದ್ದ ಕ್ಯಾಲೆಂಡರಿನಲ್ಲಿ ಡಿಸೆಂಬರ್ 7ರಿಂದ 23ರವರೆಗಿನ ದಿನಗಳಿಗೆ ಗುರುತು ಹಾಕಿತ್ತು.

ಅಂದು ಅಮೆರಿಕದ ಕಡೆ ಸತ್ತವರು 2,403. ಅವರಲ್ಲಿ 68 ಮಂದಿ ನಾಗರಿಕರು. ಜಪಾನು 29 ವಿಮಾನಗಳನ್ನೂ ಐದು ಪುಟ್ಟ ಜಲಾಂತರ್ಗಾಮಿಗಳನ್ನೂ ಕಳೆದುಕೊಂಡಿತು. ಯುದ್ಧಘೋಷಣೆಯಿಲ್ಲದೆ ನಡೆದ ಈ ದಾಳಿಯ ಮರುದಿನ ಅಮೆರಿಕದ ಸಂಸತ್ತು ಜಪಾನಿನ ಮೇಲೆ ಯುದ್ಧ ಸಾರಿತು. ಶಾಂತಿವಾದಿಯಾದ ಜೆನೆಟ್ ರ‍್ಯಾಂಕಿನ್ ಎಂಬ ಮಹಿಳೆಯದು ಏಕೈಕ ವಿರೋಧ ಮತ. ಸರಿಸುಮಾರು ಅದೇ ಹೊತ್ತಿಗೆ ಮಲಯದ ಕೋಟ ಬಾರು ತೀರದಲ್ಲಿ ಜಪಾನೀ ಸೈನ್ಯ ಇಳಿದಾಗ, ಅದನ್ನು ಮೊದಲು ಎದುರಿಸಿದವರು ನಮ್ಮ ಡೋಗ್ರಾ ಸೈನಿಕರು ಎಂಬುದನ್ನೂ ಇಲ್ಲಿ ನೆನೆಯಬೇಕು. ದಾಳಿ ಎಷ್ಟೇ ಭೀಕರವಾಗಿದ್ದರೂ ಜಪಾನು ಬಯಸಿದ ಫಲ ಅದರಿಂದ ದೊರೆಯಲಿಲ್ಲ. ಅಮೆರಿಕದ ವಿಮಾನವಾಹಕ ನೌಕೆಗಳು ಅಂದು ಬಂದರಿನಲ್ಲಿರಲಿಲ್ಲ. ಎಣ್ಣೆಯ ತೊಟ್ಟಿಗಳೂ ದುರಸ್ತಿಯ ಕಟ್ಟೆಗಳೂ ಉಳಿದುಕೊಂಡವು. ಪೆಟ್ಟು ತಿಂದ ಎಂಟು ಯುದ್ಧನೌಕೆಗಳಲ್ಲಿ ಆರು ದುರಸ್ತಿಯಾಗಿ ಮತ್ತೆ ಕಡಲಿಗಿಳಿದವು.

ಸೇವೆಯ ಕಥೆ ಅಂದಿಗೇ ಮುಗಿಯಲಿಲ್ಲ. ಹವಾಯಿಯ ಜನಸಂಖ್ಯೆಯಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಜಪಾನೀ ಮೂಲದವರು. ಡೇನಿಯಲ್ ಇನೊಯೆ ಅಂಥವರಲ್ಲೊಬ್ಬ. ಹದಿನೇಳು ವರ್ಷದ ಶಾಲಾ ಬಾಲಕನಾಗಿದ್ದ ಅವನು ಪ್ರಥಮಚಿಕಿತ್ಸೆಯನ್ನು ಕಲಿತಿದ್ದುದರಿಂದ, ಅಂದು ಗಾಯಾಳುಗಳ ಆರೈಕೆಗೆ ಓಡಿದನು. ಆದರೆ ದಾಳಿಯ ಬಳಿಕ ಅವನ ವಂಶದವರನ್ನು ಸರಕಾರ ಶತ್ರುಗಳಂತೆ ಕಂಡಿತು. ಅಮೆರಿಕದ ಪಶ್ಚಿಮ ತೀರದಲ್ಲಿ ಸುಮಾರು 1,20,000 ಮಂದಿಯನ್ನು, ಮಕ್ಕಳು ಮುದುಕರೆನ್ನದೆ, ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿದರು. ಇದಕ್ಕಾಗಿ ಆ ಸರಕಾರ ಕ್ಷಮೆ ಯಾಚಿಸಿದ್ದು 1988ರಲ್ಲಿ. ಇಷ್ಟಾದರೂ 1943ರಲ್ಲಿ ಜಪಾನೀ ಮೂಲದವರದೇ ಒಂದು ದಳವನ್ನು ಕಟ್ಟಲು ಕರೆ ಬಂದಾಗ ಹವಾಯಿಯಲ್ಲಿ ಸುಮಾರು ಹತ್ತು ಸಾವಿರ ತರುಣರು ಮುಂದೆ ಬಂದರು. ಇನೊಯೆ ಅವರಲ್ಲಿದ್ದನು. ಇಟಲಿಯ ಕದನದಲ್ಲಿ ಅವನು ಬಲಗೈಯನ್ನು ಕಳೆದುಕೊಂಡನು. ಮುಂದೆ ಬಹುಕಾಲ ಅಮೆರಿಕದ ಸೆನೆಟ್ ಸದಸ್ಯನಾಗಿದ್ದ ಆತನಿಗೆ ಆ ದೇಶದ ಅತ್ಯುನ್ನತ ಶೌರ್ಯಪದಕ ದೊರೆತಾಗ ಯುದ್ಧ ಮುಗಿದು ಐವತ್ತೈದು ವರ್ಷಗಳಾಗಿದ್ದವು.

‘ಅರಿಜೋನ’ ಇಂದಿಗೂ ಬಂದರಿನ ತಳದಲ್ಲಿಯೇ ಇದೆ. ಅದರ ಒಡಲಲ್ಲಿ ಒಂಬೈನೂರಕ್ಕೂ ಹೆಚ್ಚು ಮಂದಿಯ ಅವಶೇಷಗಳಿವೆ. ಹಡಗನ್ನು ಎಲ್ಲಿಯೂ ಸೋಕದಂತೆ ಅದರ ಮೇಲೆ ಅಡ್ಡಲಾಗಿ ನಿಂತಿರುವ ಬಿಳಿಯ ಸ್ಮಾರಕ 1962ರಲ್ಲಿ ಉದ್ಘಾಟನೆಯಾಯಿತು. ನಡುವೆ ತಗ್ಗಿ ಎರಡು ಕೊನೆಗಳಲ್ಲಿ ಎತ್ತರವಾಗಿರುವ ಅದರ ವಿನ್ಯಾಸ ಆಲ್ಫ್ರೆಡ್ ಪ್ರೈಸ್‌ನದು. ಆಸ್ಟ್ರಿಯದಲ್ಲಿ ಹುಟ್ಟಿದವನೆಂಬ ಕಾರಣಕ್ಕೆ, ದಾಳಿಯ ಅನಂತರ ಅವನನ್ನೂ ಶತ್ರುದೇಶದವನೆಂದು ಹವಾಯಿಯಲ್ಲಿಯೇ ಬಂಧನದಲ್ಲಿಟ್ಟಿದ್ದರು! ಸ್ಮಾರಕದ ಒಂದು ತುದಿಯ ಅಮೃತಶಿಲೆಯ ಗೋಡೆಯ ಮೇಲೆ ಮಡಿದವರೆಲ್ಲರ ಹೆಸರುಗಳಿವೆ. ಹಡಗಿನ ತೊಟ್ಟಿಗಳಿಂದ ಎಣ್ಣೆ ಈಗಲೂ ಹನಿಹನಿಯಾಗಿ ಮೇಲೇರಿ, ನೀರಿನ ಮೇಲೆ ಬಣ್ಣಬಣ್ಣವಾಗಿ ಹರಡುತ್ತದೆ. ಅಂದು ಬದುಕುಳಿದವರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ, ಎಷ್ಟೋ ವರ್ಷಗಳ ಮೇಲೆ ತಾವು ಸತ್ತಾಗ, ತಮ್ಮ ಚಿತಾಭಸ್ಮವನ್ನು ಆ ಹಡಗಿನೊಳಗೇ ಇಡಬೇಕೆಂದು ಬಯಸಿದರು. ಮುಳುಗುಗಾರರು ಭಸ್ಮದ ಕುಂಭವನ್ನು ಒಯ್ದು ಒಳಗೆ ಇಳಿಯಬಿಟ್ಟರು. ಆ ನೌಕೆಯ ಕೊನೆಯ ಜೀವಂತ ನಾವಿಕ ಲೂ ಕಾಂಟರ್ 2024ರ ಏಪ್ರಿಲ್ 1ರಂದು ತನ್ನ 102ನೆಯ ವಯಸ್ಸಿನಲ್ಲಿ ತೀರಿಕೊಂಡನು.

‘ವೆಸ್ಟ್ ವರ್ಜಿನಿಯ’ದಲ್ಲಿ ಕಹಳೆಗಾರನಾಗಿದ್ದ ರಿಚರ್ಡ್ ಫಿಸ್ಕ್ ಬಹುವರ್ಷಗಳ ಕಾಲ ಜಪಾನೀಯರನ್ನು ದ್ವೇಷಿಸುತ್ತಿದ್ದನು. 1991ರಲ್ಲಿ, ದಾಳಿಯ ಐವತ್ತನೆಯ ವರ್ಷದ ಸ್ಮರಣೆಯ ಸಂದರ್ಭದಲ್ಲಿ, ಆ ದಿನ ಬಾಂಬು ಹಾಕಿದ ವಿಮಾನಚಾಲಕ ಜೆಂಜಿ ಅಬೆ ಅವನನ್ನು ಭೇಟಿಯಾದನು. ಪ್ರತಿ ತಿಂಗಳೂ ಸ್ಮಾರಕದಲ್ಲಿ ತನ್ನದೊಂದು, ಫಿಸ್ಕ್‌ನದೊಂದು ಗುಲಾಬಿಯನ್ನಿರಿಸಿ, ಸೈನಿಕರ ಅಂತ್ಯಸಂಸ್ಕಾರದ ರಾಗವನ್ನು ಕಹಳೆಯಲ್ಲಿ ನುಡಿಸಬೇಕೆಂದು ಹಣವನ್ನು ಅವನ ಕೈಗಿತ್ತನು. ಫಿಸ್ಕ್ ಅದನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದನು.

‘ಓಕ್ಲಹೋಮ’ದಲ್ಲಿ ಮಡಿದ 429 ಮಂದಿಯಲ್ಲಿ ಬಹುಮಂದಿಯ ಗುರುತು ಅಂದು ಹತ್ತಿರಲಿಲ್ಲ. ಅವರನ್ನು ಹೊನೊಲುಲುವಿನ ಸೈನಿಕ ಸ್ಮಶಾನದಲ್ಲಿ ಅಜ್ಞಾತರೆಂದು ಒಟ್ಟೊಟ್ಟಾಗಿ ಹೂಳಲಾಗಿತ್ತು. 2015ರಲ್ಲಿ ಆ ಸಮಾಧಿಗಳನ್ನು ತೆರೆದು, ಹಲ್ಲುಗಳ ದಾಖಲೆ ಮತ್ತು ರಕ್ತಸಂಬಂಧಿಗಳ ಅನುವಂಶಿಕ ಪರೀಕ್ಷೆಗಳ ನೆರವಿನಿಂದ ವಿಜ್ಞಾನಿಗಳು ಆರು ವರ್ಷ ಶ್ರಮಿಸಿದರು. ಮುನ್ನೂರೈವತ್ತಕ್ಕೂ ಹೆಚ್ಚು ಮಂದಿಗೆ ಅವರವರ ಹೆಸರು ಮರಳಿ ದೊರೆಯಿತು. ಅನೇಕರನ್ನು ಅವರ ಹುಟ್ಟೂರುಗಳಿಗೆ ಒಯ್ದು, ತಂದೆತಾಯಿಗಳ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಆ ಸ್ಮಶಾನದಲ್ಲಿ ಕಾಣೆಯಾದವರ ಹೆಸರುಗಳನ್ನು ಕೆತ್ತಿದ ಗೋಡೆಗಳಿವೆ. ಗುರುತು ಸಿಕ್ಕವನ ಹೆಸರಿನ ಪಕ್ಕದಲ್ಲಿ ಹೂವಿನಾಕಾರದ ಒಂದು ಪುಟ್ಟ ಬಿಲ್ಲೆಯನ್ನು ಕೂರಿಸುತ್ತಾರೆ. ಕೆಲವು ಹೆಸರುಗಳ ಪಕ್ಕದಲ್ಲಿ ಆ ಜಾಗ ಇನ್ನೂ ಖಾಲಿಯಿದೆ.