ಹತ್ತೊಂಬತ್ತನೆಯ ಓಟಗಾರ

ಬೆಳಗಾವಿ ಜಿಲ್ಲೆಯ ಗಡಿಯ ಪಟ್ಟಣವಾದ ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರುಗಳ ದಾರಿ. ವಾಹನದಲ್ಲಿ ಕುಳಿತು ಹೋಗುವವರಿಗೆ ಇದು ದೊಡ್ಡ ದೂರವೆನಿಸದು. ಕಾಲ್ನಡಿಗೆಯಲ್ಲಿ ಹೊರಟವರಿಗೆ ಮಾತ್ರ ಇಡೀ ಹಗಲಿನ ಪ್ರಯಾಣ. ಇದಕ್ಕಿಂತ ತುಸು ಹೆಚ್ಚಿನ ದೂರವನ್ನು ಓಡಿ ಮುಗಿಸುವ ಸ್ಪರ್ಧೆಗೆ ಮ್ಯಾರಥಾನ್ ಎಂದು ಹೆಸರು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ಜರುಗಿದಾಗ, ಭಾರತದ ಪರವಾಗಿ ಈ ಕಠಿಣ ಓಟವನ್ನು ಓಡಿ ಪೂರೈಸಿದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

ಅಂದು ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಈ ಸೀಮೆಯ ಹಳ್ಳಿಗಳಲ್ಲಿ ದೇಹಬಲಕ್ಕೆ ಹಿಂದಿನಿಂದಲೂ ಮನ್ನಣೆಯಿತ್ತು. ಗರಡಿಯ ಮಣ್ಣಿನಲ್ಲಿ ಪಳಗಿದ ಪೈಲವಾನರು ಊರಿನ ಅಭಿಮಾನಕ್ಕೆ ಪಾತ್ರರಾಗುತ್ತಿದ್ದರು. ಜಾತ್ರೆಗಳಲ್ಲಿ ಗುಂಡು ಎತ್ತುವ ಪಂದ್ಯಗಳು ನಡೆಯುತ್ತಿದ್ದವು. ಆದರೆ ಪಾಶ್ಚಾತ್ಯ ದೇಶಗಳ ಕ್ರೀಡಾಂಗಣ, ಅಲ್ಲಿನ ನಿಯಮ, ಅಲ್ಲಿನ ತರಬೇತಿ ಇವು ಹಳ್ಳಿಯ ಯುವಕರಿಗೆ ಅಪರಿಚಿತವಾಗಿದ್ದವು. ಶಕ್ತಿಯಿತ್ತು, ಅದನ್ನು ತೋರಲು ಅವಕಾಶವಿರಲಿಲ್ಲ.

ಆ ಅವಕಾಶದ ಬಾಗಿಲು ತೆರೆದುದು ಪುಣೆಯಲ್ಲಿ. ಅಲ್ಲಿನ ಡೆಕ್ಕನ್ ಜಿಮಖಾನಾ ಎಂಬ ಸಂಸ್ಥೆಯ ಕ್ರೀಡಾಕೂಟದಲ್ಲಿ ಸುಮಾರು 25 ಮೈಲಿಗಳ ದೂರದ ಓಟವು ಮುಖ್ಯ ಸ್ಪರ್ಧೆಯಾಗಿತ್ತು. ಸಂಸ್ಥೆಯ ಅಧ್ಯಕ್ಷರಾಗಿದ್ದವರು ಉದ್ಯಮಿ ಸರ್ ದೊರಾಬ್ಜಿ ಟಾಟಾ. ಓಟಗಾರರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ, ಬಡತನದ ಊಟವುಣ್ಣುವ ರೈತರ ಮಕ್ಕಳೆಂಬುದನ್ನು ಅವರು ಕಂಡರು. ಬರಿಗಾಲಿನಲ್ಲಿ ಓಡುತ್ತಿದ್ದ ಈ ಯುವಕರು ತೆಗೆದುಕೊಂಡ ಸಮಯವು ಯೂರೋಪಿನ ಓಟಗಾರರ ಸಮಯಕ್ಕೆ ಹೋಲಿಸುವಂತಿತ್ತು. ತಕ್ಕ ತರಬೇತಿ ದೊರೆತರೆ ಇವರು ದೇಶಕ್ಕೆ ಕೀರ್ತಿ ತಂದಾರು ಎಂದು ಟಾಟಾ ಅವರಿಗೆ ತೋರಿತು. ಮೂವರು ಓಟಗಾರರನ್ನು ಸ್ವಂತ ಖರ್ಚಿನಲ್ಲಿ ಆಂಟ್ವರ್ಪಿಗೆ ಕಳುಹಿಸಲು ಅವರು ಮುಂದಾದರು. ಈ ಮಾತು ಹಲವರ ಉತ್ಸಾಹವನ್ನು ಕೆರಳಿಸಿತು, ಹಣ ಕೂಡಿತು, ತಂಡವೊಂದು ಸಿದ್ಧವಾಯಿತು. ಅದರಲ್ಲಿ ವೇಗದ ಓಟಗಾರ ಪೂರ್ಮಾ ಬ್ಯಾನರ್ಜಿ, ಕುಸ್ತಿಪಟು ರಣಧೀರ ಶಿಂಧೆ, ದೂರದ ಓಟಗಾರ ಸದಾಶಿವ ದಾತಾರ ಮೊದಲಾದವರೊಡನೆ ಬೆಳಗಾವಿಯ ಚೌಗುಲೆಯವರೂ ಇದ್ದರು.

ಯೂರೋಪು ಆಗಷ್ಟೇ ಒಂದು ಮಹಾಯುದ್ಧದಿಂದ ಹೊರಬಂದಿತ್ತು. ಯುದ್ಧದ ಕಾರಣದಿಂದ 1916ರ ಒಲಿಂಪಿಕ್ ಕ್ರೀಡೆಗಳು ನಡೆದಿರಲಿಲ್ಲ. ಯುದ್ಧದ ಬೇಗೆಯಲ್ಲಿ ಬೆಂದ ಬೆಲ್ಜಿಯಂ ದೇಶಕ್ಕೆ ಗೌರವ ಸಲ್ಲಿಸಲೆಂದು 1920ರ ಕೂಟವನ್ನು ಆಂಟ್ವರ್ಪಿನಲ್ಲಿ ಏರ್ಪಡಿಸಲಾಯಿತು. ಐದು ಉಂಗುರಗಳ ಒಲಿಂಪಿಕ್ ಧ್ವಜವು ಒಲಿಂಪಿಕ್ ಕೂಟವೊಂದರಲ್ಲಿ ಮೊದಲ ಬಾರಿಗೆ ಹಾರಿದುದೂ, ಕ್ರೀಡಾಪಟುಗಳ ಪ್ರತಿಜ್ಞಾವಚನವನ್ನು ಮೊದಲು ಓದಿದುದೂ ಅಲ್ಲಿಯೇ.

ಚೌಗುಲೆಯವರು ಮೊದಲು 10,000 ಮೀಟರುಗಳ ಓಟದಲ್ಲಿ ಭಾಗವಹಿಸಿದರು. ಅಂತಿಮ ಸುತ್ತನ್ನು ತಲುಪಲು ಅವರಿಂದಾಗಲಿಲ್ಲ. ಸಾವಿರಾರು ಮೈಲಿ ಸಮುದ್ರ ದಾಟಿ ಬಂದ ಓಟಗಾರನಿಗೆ ಇಂಥ ಸೋಲು ಸಣ್ಣ ಪೆಟ್ಟಲ್ಲ. ಆದರೆ ಕೆಲವೇ ದಿನಗಳಲ್ಲಿ, ಅಂದರೆ ಆಗಸ್ಟ್ 22ರಂದು, ಅವರು ಅದಕ್ಕಿಂತ ನಾಲ್ಕು ಪಟ್ಟು ದೀರ್ಘವಾದ ಓಟಕ್ಕೆ ಸಿದ್ಧರಾಗಿ ನಿಂತರು.

ಮ್ಯಾರಥಾನ್ ಓಟದ ಇಂದಿನ ದೂರ 42 ಕಿಲೋಮೀಟರು 195 ಮೀಟರು. ಈ ಅಳತೆಯನ್ನು ಎಲ್ಲೆಡೆಗೂ ಒಂದೇ ಎಂದು ನಿಗದಿಗೊಳಿಸಿದುದು 1921ರಲ್ಲಿ. ಆಂಟ್ವರ್ಪಿನ ಓಟದ ದೂರ 42,750 ಮೀಟರು. ಒಲಿಂಪಿಕ್ ಮ್ಯಾರಥಾನ್‌ಗಳಲ್ಲೆಲ್ಲ ಅದೇ ಅತ್ಯಂತ ದೀರ್ಘವಾದುದು. ಅಂದು ಓಟ ಆರಂಭಿಸಿದವರು 48 ಮಂದಿ. ಫಿನ್ಲೆಂಡಿನ ಹಾನ್ನೆಸ್ ಕೋಲೆಮೈನನ್ 2 ಗಂಟೆ 32 ನಿಮಿಷ 35.8 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಪ್ರಥಮರಾದರು. ಎಸ್ಟೋನಿಯಾದ ಓಟಗಾರರು ಕೇವಲ 13 ಸೆಕೆಂಡುಗಳ ಅಂತರದಲ್ಲಿ ಎರಡನೆಯವರಾದರು. 13 ಮಂದಿ ನಡುದಾರಿಯಲ್ಲಿಯೇ ಓಟವನ್ನು ಬಿಟ್ಟರು; ಭಾರತದ ದಾತಾರರೂ ಅವರಲ್ಲಿ ಒಬ್ಬರು. ಚೌಗುಲೆಯವರು ಬಿಡಲಿಲ್ಲ. 2 ಗಂಟೆ 50 ನಿಮಿಷ 45.4 ಸೆಕೆಂಡುಗಳಲ್ಲಿ ಅವರು ಗುರಿ ಸೇರಿದರು. ಅವರಿಗೆ ದೊರೆತುದು ಹತ್ತೊಂಬತ್ತನೆಯ ಸ್ಥಾನ.

ಹತ್ತೊಂಬತ್ತನೆಯವರಿಗೆ ಪದಕವಿಲ್ಲ, ಜಯಘೋಷವಿಲ್ಲ. ಆದರೆ ಅಂಕೆಗಳನ್ನು ಕೊಂಚ ಬಿಡಿಸಿ ನೋಡಿದರೆ ಆ ಸ್ಥಾನದ ಬೆಲೆ ತಿಳಿಯುತ್ತದೆ. ಚೌಗುಲೆಯವರು ಪ್ರತಿಯೊಂದು ಕಿಲೋಮೀಟರನ್ನು ಸರಾಸರಿ ನಾಲ್ಕು ನಿಮಿಷಗಳೊಳಗೆ ಓಡಿದ್ದರು. ಎಂದರೆ ನೂರು ಮೀಟರಿಗೆ 24 ಸೆಕೆಂಡು. ಶಾಲೆಯ ಬಯಲಿನಲ್ಲಿ ನೂರು ಮೀಟರನ್ನು 24 ಸೆಕೆಂಡುಗಳಲ್ಲಿ ಓಡುವುದು ಆರೋಗ್ಯವಂತನಾದ ಯಾವ ಬಾಲಕನಿಗೂ ಅಸಾಧ್ಯವಲ್ಲ. ಹತ್ತು ಸಲ ಎಡೆಬಿಡದೆ ಓಡಿದಾಗ ಉಸಿರು ಬಿಗಿಯುತ್ತದೆ. ಅದನ್ನೇ ನಾನೂರ ಇಪ್ಪತ್ತೇಳು ಸಲ ಬೆನ್ನುಬೆನ್ನಿಗೆ ಓಡಿದ ಮೇಲೆಯೇ ಅಂದು ಗುರಿ ಕಾಣುತ್ತಿದ್ದುದು. ಮುಂದಿರುವವರು ಕಣ್ಣಿಗೆ ಕಾಣದಷ್ಟು ದೂರ ಸರಿದ ಬಳಿಕವೂ, ಗೆಲ್ಲುವ ಆಸೆ ಉಳಿಯದ ಬಳಿಕವೂ ಹೆಜ್ಜೆಯ ಲಯ ಕೆಡದಂತೆ ಓಡುವುದಕ್ಕೆ ಕಾಲಿನ ಬಲವೊಂದೇ ಸಾಲದು. ಮನಸ್ಸಿನ ದಾರ್ಢ್ಯವೂ ಬೇಕು.

ಆಂಟ್ವರ್ಪಿನ ಈ ಯಾತ್ರೆ ಮುಂದಿನ ಯಾತ್ರೆಗಳಿಗೆ ದಾರಿಯಾಯಿತು. 1924ರಲ್ಲಿ ಭಾರತದ ತಂಡ ಪ್ಯಾರಿಸಿಗೆ ಹೋಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಗೊಂಡಿತು. ದೊರಾಬ್ಜಿ ಟಾಟಾ ಅವರೇ ಅದರ ಮೊದಲ ಅಧ್ಯಕ್ಷರಾದರು. ಮರುವರ್ಷ ನೆದರ್ಲೆಂಡ್ಸಿನ ಆಮ್‌ಸ್ಟರ್‌ಡಾಮ್ ನಗರದಲ್ಲಿ ಭಾರತದ ಹಾಕಿ ತಂಡ ಚಿನ್ನದ ಪದಕ ಗೆದ್ದಿತು. 1952ರಲ್ಲಿ ಕರಾಡ ಸೀಮೆಯ ಕುಸ್ತಿಪಟು ಖಾಶಾಬಾ ಜಾಧವ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಪಡೆದರು. ಚೌಗುಲೆಯವರು ಓಡಿದ 56 ವರ್ಷಗಳ ತರುವಾಯ, ಮಾಂಟ್ರಿಯಲ್ಲಿನ ಮ್ಯಾರಥಾನ್‌ನಲ್ಲಿ ಶಿವನಾಥ ಸಿಂಗ್ ಹನ್ನೊಂದನೆಯವರಾಗಿ ಬಂದರು.

ಹೊಲಕ್ಕೆ ಮೊದಲು ನೇಗಿಲು ಹೂಡಿದವನ ಪಾಲಿಗೆ ಕಲ್ಲೂ ಕರಿಕೆಯೂ ಹೆಚ್ಚು. ಬೆಳೆಯ ಹೊತ್ತಿಗೆ ಅವನ ಹೆಸರನ್ನು ನೆನೆಯುವವರು ಕಡಿಮೆ. ಆದರೂ ಬೆಳೆಯಲ್ಲಿ ಅವನ ಪಾಲು ಇದ್ದೇ ಇರುತ್ತದೆ. ಭಾರತದ ಕ್ರೀಡೆಯ ಹೊಲದಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆಯವರ ಪಾಲು ಅಂಥದು.